ನೆಲದೊಳಗನ್ನು ಓದುವವರು: ಜಿಯೋಟೆಕ್ನಿಕಲ್ ಪ್ರೊಫೆಸರ್ ಅಂದರೆ ಯಾರು, ಅವರು ನಮಗೇಕೆ ಬೇಕು?

ದಾವಣಗೆರೆಯ ಆನೆಕೊಂಡದಲ್ಲಿ ನಾನಿದ್ದ ಬಾಡಿಗೆ ಮನೆಯ ಗೋಡೆಯಲ್ಲೊಂದು ಬಿರುಕಿತ್ತು. ಬೇಸಿಗೆಯಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ತೂರುತ್ತಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚುಕಮ್ಮಿ ಮುಚ್ಚಿಕೊಳ್ಳುತ್ತಿತ್ತು. ಆಗ ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಸಿಮೆಂಟ್ ಕಮ್ಮಿ ಹಾಕಿದ್ದಾರೆ ಅಂತಲೇ ತೀರ್ಮಾನಿಸಿದ್ದೆ. ರಿಪೇರಿಗೆ ಬಂದ ಗಾರೆ ಮೇಸ್ತ್ರಿ ನಕ್ಕು, "ಗೋಡೇದೇನೂ ತಪ್ಪಿಲ್ಲ ತಮ್ಮ, ಕೆಳಗೆ ಎರೆಮಣ್ಣು ಐತಿ" ಅಂದರು.

ಅವರು ಹೇಳಿದ್ದೇ ಸರಿ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ನೀರು ಹೀರಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಮನೆ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಈ ಏಳುಬೀಳನ್ನು ಅಳೆದು, ಪಾಯ ಎಷ್ಟು ಆಳಕ್ಕಿಳಿಯಬೇಕು, ಸುರಂಗದ ಮೇಲಿನ ರಸ್ತೆ ನಿಲ್ಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ವಿದ್ಯೆಯೇ ಜಿಯೋಟೆಕ್ನಿಕಲ್ ಎಂಜಿನಿಯರಿಂಗ್.

ಬೆಂಗಳೂರಿನ ಸುರಂಗ ರಸ್ತೆಯ ಬಗ್ಗೆ ನಾವೆಲ್ಲ ಜಗಳವಾಡುತ್ತಿರುವ ಈ ಹೊತ್ತಿನಲ್ಲಿ, ಈ ವಿದ್ಯೆಯನ್ನು ಕಲಿಸುವವರು ಯಾರು, ಅವರು ಹೇಗೆ ತಯಾರಾಗುತ್ತಾರೆ ಎಂದು ತಿಳಿದಿರುವುದು ಒಳ್ಳೆಯದು.

ವಿದ್ಯೆ ಏನು?

ಕಬ್ಬಿಣ, ಸಿಮೆಂಟನ್ನು ನಾವು ಕಾರ್ಖಾನೆಯಲ್ಲಿ ತಯಾರಿಸುತ್ತೇವೆ, ಅವುಗಳ ಗುಣ ಮೊದಲೇ ಗೊತ್ತಿರುತ್ತದೆ. ನೆಲ ಹಾಗಲ್ಲ. ಇದ್ದದ್ದನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕು. 1925ರಲ್ಲಿ ಕಾರ್ಲ್ ಟೆರ್ಜಾಗಿ ಮಣ್ಣಿನ ಯಂತ್ರಶಾಸ್ತ್ರದ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಇದು ಪ್ರತ್ಯೇಕ ಶಾಸ್ತ್ರವಾಯಿತು. ಮಣ್ಣಿನ ಬಲ ನಿಂತಿರುವುದು ಕಣಗಳ ನಡುವಿನ ಒತ್ತಡದ ಮೇಲೆ, ನಡುವೆ ಸೇರಿದ ನೀರಿನ ಒತ್ತಡ ಅದನ್ನು ಕುಗ್ಗಿಸುತ್ತದೆ ಎಂಬುದು ಅವರ ಮುಖ್ಯ ತಿಳಿವು. ಮಳೆಗಾಲದಲ್ಲೇ ಗುಡ್ಡಗಳು ಜರಿಯುವುದೇಕೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ.

ಪರೀಕ್ಷೆಗಳು ಕೇಳಲು ಸರಳ. ಬೋರ್ ಕೊರೆದು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ 'ಎನ್ ವ್ಯಾಲ್ಯೂ'. ಬಂಡೆಯಾದರೆ, ಕೊರೆದು ತೆಗೆದ ಕಂಬದಲ್ಲಿ 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳ ಪಾಲು ಎಷ್ಟು ಅಂತ ನೋಡುತ್ತಾರೆ. ಕಷ್ಟ ಇರುವುದು ಎರಡು ಬೋರ್‌ಗಳ ನಡುವೆ ಕಾಣದೇ ಉಳಿದ ನೆಲವನ್ನು ಊಹಿಸುವುದರಲ್ಲಿ. ಅದಕ್ಕೆ ಯಂತ್ರ ಸಾಲದು, ವರ್ಷಗಟ್ಟಲೆಯ ಅನುಭವ ಬೇಕು.

ದಾರಿ ಯಾವುದು?

ನಾಲ್ಕು ವರ್ಷ ಬಿ.ಇ. ಸಿವಿಲ್. ನಮ್ಮ ದಾವಣಗೆರೆಯಲ್ಲೇ 1951ರಲ್ಲಿ ಶುರುವಾದ ಬಿಡಿಟಿ (ಈಗ ಯುಬಿಡಿಟಿ), 1979ರಲ್ಲಿ ಶುರುವಾದ ಬಿಐಇಟಿ ಇವೆ. ಆಮೇಲೆ ಗೇಟ್ ಪರೀಕ್ಷೆ, ಎರಡು ವರ್ಷ ಎಂ.ಟೆಕ್., ನಂತರ ನಾಲ್ಕೈದು ವರ್ಷ ಪಿಎಚ್.ಡಿ. ಐಐಎಸ್‌ಸಿ, ಐಐಟಿಗಳಲ್ಲಿ ಪಾಠ ಮಾಡಲು ಪಿಎಚ್.ಡಿ. ಬೇಕೇ ಬೇಕು. ಅಂದರೆ ಮೊದಲ ಕಾಯಂ ಸಂಬಳ ಕೈಗೆ ಬರುವಷ್ಟರಲ್ಲಿ ವಯಸ್ಸು ಮೂವತ್ತರ ಹತ್ತಿರ. ಜೊತೆಗೆ ಓದಿದವರು ಅಷ್ಟರಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿರುತ್ತಾರೆ.

ಈ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಬೆಂಗಳೂರಿನ ಐಐಎಸ್‌ಸಿಯಿಂದಲೇ ಎರಡು ಉದಾಹರಣೆ ಕೊಡುತ್ತೇನೆ.

ಟಿ.ಜಿ. ಸೀತಾರಾಮ್ 1984ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಇ. ಪಡೆದವರು. 1986ರಲ್ಲಿ ಐಐಎಸ್‌ಸಿಯ ಸ್ನಾತಕೋತ್ತರ ಪದವಿ, 1991ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಪಿಎಚ್.ಡಿ. ವಾಪಸ್ ಬಂದು ಐಐಎಸ್‌ಸಿ ಸೇರಿ, ಬಂಡೆ ಮತ್ತು ಭೂಕಂಪದ ಎಂಜಿನಿಯರಿಂಗ್‌ನಲ್ಲಿ ಕೆಲಸ ಮಾಡಿದರು. ಭೂಮಿ ಅದುರಿದರೆ ಬೆಂಗಳೂರಿನ ಯಾವ ಭಾಗ ಎಷ್ಟು ಅಲುಗಾಡುತ್ತದೆ ಎಂಬ ನಕ್ಷೆ ತಯಾರಿಸಿದವರಲ್ಲಿ ಅವರೂ ಒಬ್ಬರು. 2019ರಲ್ಲಿ ಗುವಾಹಟಿ ಐಐಟಿಯ ನಿರ್ದೇಶಕರಾದರು, 2022ರ ಕೊನೆಯಲ್ಲಿ ಎಐಸಿಟಿಇ ಅಧ್ಯಕ್ಷರಾದರು.

ಜಿ. ಮಾಧವಿ ಲತಾ ಆಂಧ್ರದ ಪ್ರಕಾಶಂ ಜಿಲ್ಲೆಯವರು. ಮದ್ರಾಸ್ ಐಐಟಿಯಲ್ಲಿ ಪಿಎಚ್.ಡಿ. ಮುಗಿಸಿ ಐಐಎಸ್‌ಸಿಗೆ ಬಂದವರು. ಕಾಶ್ಮೀರದ ಚೆನಾಬ್ ರೈಲ್ವೆ ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆ, ಅದರ ಕಮಾನಿನ ಅಗಲ 467 ಮೀಟರ್. ಆ ಕಮಾನನ್ನು ಹೊತ್ತ ಬಂಡೆಯ ಇಳಿಜಾರು ಜರಿಯದಂತೆ ನೋಡಿಕೊಳ್ಳುವ ಸಲಹೆಗಾರರಾಗಿ ಅವರು 17 ವರ್ಷ ಕೆಲಸ ಮಾಡಿದರು. ಅಗೆದಂತೆಲ್ಲ ನಕ್ಷೆಯಲ್ಲಿಲ್ಲದ ಸೀಳು, ಪೊಳ್ಳು ಕಾಣಿಸಿಕೊಳ್ಳುತ್ತಿದ್ದವು. ಹಾಗಾಗಿ ಮೊದಲೇ ಬರೆದಿಟ್ಟ ವಿನ್ಯಾಸಕ್ಕೆ ಜೋತುಬೀಳದೆ, ಕಂಡದ್ದಕ್ಕೆ ತಕ್ಕಂತೆ ವಿನ್ಯಾಸ ಬದಲಿಸುತ್ತ ಹೋದರು. 2025ರ ಜೂನ್ 6ರಂದು ಸೇತುವೆ ಉದ್ಘಾಟನೆಯಾದಾಗ ದೇಶಕ್ಕೆ ಅವರ ಹೆಸರು ಗೊತ್ತಾಯಿತು.

ಕರ್ನಾಟಕದ ಹಳೆಯ ಪಾಠಶಾಲೆ

ನೆಲದಡಿಯ ಕೆಲಸ ನಮ್ಮ ರಾಜ್ಯಕ್ಕೆ ಮೆಟ್ರೋ ಜೊತೆ ಬಂದದ್ದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕಿಳಿದಿತ್ತು. ಅಷ್ಟು ಆಳದಲ್ಲಿ ಒತ್ತಡ ತಡೆಯದೆ ಬಂಡೆಯೇ ಸಿಡಿಯುತ್ತಿತ್ತು, ಕಾರ್ಮಿಕರು ಸಾಯುತ್ತಿದ್ದರು. ಆ ಸಿಡಿತವನ್ನು ಅಳೆಯುವ, ಮೊದಲೇ ಗುರುತಿಸುವ ಪ್ರಯತ್ನದಲ್ಲಿ ಬೆಳೆದ ಜ್ಞಾನವೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಾಗಿ ನೆಲೆಯೂರಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಸ್ಥೆ ಉಳಿಯಿತು.

ಈಗ ಯಾಕೆ ಈ ಮಾತು?

ನೆಲವನ್ನು ತಪ್ಪಾಗಿ ಓದಿದರೆ ಬೆಲೆ ತೆರುವವರು ಕೆಳಗಿರುವ ಕಾರ್ಮಿಕರು. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಮಂದಿ 17 ದಿನ ಸಿಕ್ಕಿಕೊಂಡಿದ್ದರು. ಅವರು ಬದುಕಿ ಬಂದರು. 2025ರ ಫೆಬ್ರವರಿಯಲ್ಲಿ ತೆಲಂಗಾಣದ ಎಸ್‌ಎಲ್‌ಬಿಸಿ ಸುರಂಗ ಕುಸಿದಾಗ ಒಳಗೆ ಸಿಲುಕಿದ 8 ಮಂದಿಯಲ್ಲಿ ಯಾರೂ ಬದುಕಿ ಬರಲಿಲ್ಲ. ಬೆಂಗಳೂರಿನ ನೆಲವೂ ಸುಲಭದ್ದಲ್ಲ. ಮೇಲೆ ಮಣ್ಣು, ನಡುವೆ ಕೊಳೆತ ಬಂಡೆ, ಅದರಲ್ಲಿ ಹುದುಗಿದ ಗುಂಡುಕಲ್ಲು, ಕೆಳಗೆ ಗಟ್ಟಿ ನೈಸ್ ಶಿಲೆ. ಮೆಟ್ರೋ ಮೊದಲ ಹಂತದಲ್ಲಿ 'ಗೋದಾವರಿ' ಯಂತ್ರ ಚಿಕ್ಕಪೇಟೆ ಕಡೆ ತಿಂಗಳುಗಟ್ಟಲೆ ನಿಂತುಹೋಗಿತ್ತು. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆ ಬಳಿ ಮೆಟ್ರೋ ಸುರಂಗದ ಹಾದಿಯ ಮೇಲೆ ರಸ್ತೆ ಕುಸಿದು ಗುಂಡಿಬಿತ್ತು.

ಇಂಥ ನೆಲದಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಜೋಡಿ ಸುರಂಗ ಕೊರೆಯುವ ಯೋಜನೆ ಇದೆ. ಗುತ್ತಿಗೆದಾರನಿಗೆ ಕೆಲಸ ಬೇಗ ಮುಗಿಯಬೇಕು, ಸರ್ಕಾರಕ್ಕೆ ಚುನಾವಣೆಗೆ ಮೊದಲು ಟೇಪ್ ಕತ್ತರಿಸಬೇಕು. "ಇಲ್ಲಿ ಇನ್ನೂ ಹತ್ತು ಬೋರ್ ಹಾಕಿ, ಅಲ್ಲಿವರೆಗೆ ಮುಂದೆ ಹೋಗಬೇಡಿ" ಎಂದು ಹೇಳಿಯೂ ನಾಳೆ ಸಂಬಳ ಬರುವ ವ್ಯಕ್ತಿ ಒಬ್ಬರಾದರೂ ಬೇಕಲ್ಲ? ಆ ವ್ಯಕ್ತಿ ಕಾಯಂ ಹುದ್ದೆಯಲ್ಲಿರುವ ಪ್ರೊಫೆಸರ್. ವರ್ಷಕ್ಕೊಮ್ಮೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರಿಂದ ಆ ಧೈರ್ಯ ನಿರೀಕ್ಷಿಸುವುದು ಅನ್ಯಾಯ.

ಹಾಗಂತ ಪ್ರೊಫೆಸರ್‌ಗಳನ್ನು ಕುರುಡಾಗಿ ನಂಬಿ ಅಂತಲೂ ಹೇಳುತ್ತಿಲ್ಲ. ಅವರೂ ಶುಲ್ಕ ಪಡೆದು ಯೋಜನೆಗಳಿಗೆ ಸಲಹೆ ಕೊಡುತ್ತಾರೆ. ಅದು ತಪ್ಪಲ್ಲ, ಚೆನಾಬ್‌ನಲ್ಲಿ ಅದರಿಂದ ಒಳ್ಳೆಯದೇ ಆಯಿತು. ಆದರೆ ಸಲಹೆ ಕೊಟ್ಟವರೇ ಆಮೇಲೆ ಅದರ ಪರಿಶೀಲಕರಾಗಬಾರದು.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ಎಷ್ಟು ಬೋರ್ ಹಾಕಿದಿರಿ, ಎಲ್ಲೆಲ್ಲಿ, ಏನು ಸಿಕ್ಕಿತು? ವರದಿಯನ್ನು ಯೋಜನೆಯಿಂದ ಹಣ ಪಡೆಯದ ಯಾರು ಪರಿಶೀಲಿಸಿದರು? ನಮ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯ ಕಲಿಸಲು ಕಾಯಂ ಅಧ್ಯಾಪಕರು ಎಷ್ಟಿದ್ದಾರೆ? ಮೊದಲೆರಡನ್ನು ಇವತ್ತೇ ಆರ್‌ಟಿಐ ಹಾಕಿ ಕೇಳಬಹುದು. ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ, ಇನ್ನು ಇಪ್ಪತ್ತು ವರ್ಷಕ್ಕೆ ಮೊದಲೆರಡನ್ನು ಓದಿ ಅರ್ಥ ಹೇಳುವವರೇ ಇರುವುದಿಲ್ಲ.