ಚಿತ್ರದ ಕಟ್ಟಿನಿಂದ ಪಕ್ಷದ ಕಚೇರಿಗೆ

ಕೇಡರ್

ಪಶ್ಚಿಮ ಬಂಗಾಳದ ರಾಜಕೀಯ ಚರ್ಚೆಗೆ ಬಂದರೆ ಈ ಪದ ತಪ್ಪದೆ ಕಿವಿಗೆ ಬೀಳುತ್ತದೆ. ಮೂಲ ಲ್ಯಾಟಿನ್ನಿನ ‘ಕ್ವಾಡ್ರುಮ್’, ಅಂದರೆ ಚೌಕ. ಇಟಾಲಿಯನ್ನಿನ ‘ಕ್ವಾದ್ರೊ’ ದಾಟಿ ಫ್ರೆಂಚಿಗೆ ಬಂದಾಗ ‘ಕಾದ್ರ್’ ಆಗಿ, ಚಿತ್ರದ ಕಟ್ಟು ಎಂಬ ಅರ್ಥ ಪಡೆಯಿತು. ನಮ್ಮ ‘ಚೌಕಟ್ಟಿ’ನಲ್ಲಿರುವ ‘ಚೌ’ ಸಂಸ್ಕೃತ ‘ಚತುರ್’ನ ಸವೆದ ರೂಪ, ಚತುರ್ ಮತ್ತು ಕ್ವಾಡ್ರುಮ್ ದೂರದ ದಾಯಾದಿಗಳು.

ಫ್ರೆಂಚ್ ಸೈನ್ಯದಲ್ಲಿ ಕಾದ್ರ್ ಎಂದರೆ ದಳದ ಕಾಯಂ ಅಧಿಕಾರಿವರ್ಗ. ಕಟ್ಟು ಅವರು, ಒಳಗೆ ತುಂಬಿಕೊಳ್ಳುವವರು ಹೊಸ ಸಿಪಾಯಿಗಳು. ಕಮ್ಯುನಿಸ್ಟ್ ಪಕ್ಷಗಳು ಇದನ್ನೇ ಎತ್ತಿಕೊಂಡವು. ಕೇಡರ್‌ಗೆ ಚೀನೀಯರು ಬಳಸುವ ‘ಗಾನ್‌ಬು’ ಜಪಾನಿ ಭಾಷೆಯಿಂದ ಬಂದದ್ದು. ಚೀನಾದಲ್ಲಿ ಪಕ್ಷದ ಪದಾಧಿಕಾರಿಗೂ ಸರ್ಕಾರಿ ಅಧಿಕಾರಿಗೂ ಅದೊಂದೇ ಹೆಸರು.

ಬಂಗಾಳವನ್ನು ಸಿಪಿಎಂ ನೇತೃತ್ವದ ಎಡರಂಗ 1977ರಿಂದ 2011ರವರೆಗೆ ಸತತ ಆಳಿತು. ಪಕ್ಷ ಎಲ್ಲಿ ಮುಗಿದು ಸರ್ಕಾರ ಎಲ್ಲಿ ಶುರುವಾಗುತ್ತದೆಂದು ಹೇಳುವುದೇ ಕಷ್ಟವಾದಾಗ, ವಿರೋಧಿಗಳ ಬಾಯಲ್ಲಿ ‘ಕೇಡರ್’ ಬೈಗುಳವೇ ಆಯಿತು.

‘ಕರ್ನಾಟಕ ಕೇಡರ್‌ನ ಐಎಎಸ್ ಅಧಿಕಾರಿ’ ಎನ್ನುವಾಗ ಹಳೆಯ ಸಮೂಹವಾಚಕ ಅರ್ಥ ಉಳಿದಿದೆ. ‘ಒಬ್ಬ ಕೇಡರ್’ ಎಂದು ಬರೆಯುವವರಿಗೆ ‘ಕಾರ್ಯಕರ್ತ’ ಸಾಲದೇ? ಅಂದಹಾಗೆ, ಕನ್ನಡದ ‘ಕೇಡು’ ಹುಟ್ಟಿದ್ದು ‘ಕೆಡು’ ಧಾತುವಿನಿಂದ. ಕೇಡರ್‌ಗೂ ಅದಕ್ಕೂ ನಂಟಿಲ್ಲ. ಎಡರಂಗದ ವಿರೋಧಿಗಳು ಒಪ್ಪಲಿಕ್ಕಿಲ್ಲ.