ಕಿತ್ತ ಹಲ್ಲುಗಳ ಕಾಲ

1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ ದಂತವೈದ್ಯರನ್ನು ಬೆಚ್ಚಿಬೀಳಿಸಿತು. ಕೀವು ತುಂಬಿದ ವಸಡಿನ ಮೇಲೆ ಚಿನ್ನದ ಕ್ಯಾಪು, ಬ್ರಿಡ್ಜು ಕೂರಿಸಿ ಕಳಿಸುವವರನ್ನು ಅವರು ತರಾಟೆಗೆ ತೆಗೆದುಕೊಂಡಿದ್ದರು. ರಕ್ತಹೀನತೆ, ಹೊಟ್ಟೆಯ ಕಾಯಿಲೆಗಳಿಗೆಲ್ಲ ಬಾಯಿಯ ಕೊಳೆಯೇ ಮೂಲ ಎಂಬುದು ಅವರ ವಾದ.

ಹಲ್ಲಿನ ಡಾಕ್ಟರಾದ ನನಗೆ ಆ ಸಿಟ್ಟು ಅರ್ಥವಾಗುತ್ತದೆ. ವಸಡಿನ ಅಂಚಿನಲ್ಲಿ ಆಳ ಅಳೆಯುವ ಕಡ್ಡಿ, ಪ್ರೋಬ್, ಇಳಿಸಿದರೆ ಗಟ್ಟಿ ವಸಡು ಮೂರು ಮಿಲಿಮೀಟರಿನೊಳಗೇ ತಡೆಯುತ್ತದೆ. ಪಯೋರಿಯಾ, ಅಂದರೆ ವಸಡಿನ ಕೀವುರೋಗ, ಆದವರಲ್ಲಿ ಅದು ಆರೇಳರವರೆಗೂ ಸಲೀಸಾಗಿ ಜಾರುತ್ತದೆ. ಹೊರಗೆಳೆದರೆ ತುದಿಗೆ ರಕ್ತ, ಕೀವು. ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ. ದಿನವೂ ಇದನ್ನು ನೋಡುವವರಿಗೆ, ಈ ಸೋಂಕಿನ ಪ್ರಭಾವ ಬಾಯಿಯಲ್ಲೇ ನಿಲ್ಲುತ್ತದೆಂದು ನಂಬುವುದು ಕಷ್ಟ.

ಆ ಅನುಮಾನವೇನೋ ಸರಿಯಾಗಿಯೇ ಇತ್ತು. ಆದರೆ ಆಮೇಲೆ ನಡೆದದ್ದು ಘೋರ. ಹಂಟರ್ ವಾದಕ್ಕೆ ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್‌ರಂಥ ದೊಡ್ಡ ವೈದ್ಯರ ಬೆಂಬಲ ಸಿಕ್ಕಿದ್ದೇ ತಡ, ಕೀಲುನೋವು ಎಂದವರ ಹಲ್ಲುಗಳನ್ನು ಸಾಲಾಗಿ ಕೀಳತೊಡಗಿದರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಇದೇ ಮದ್ದೆಂದ. ಮೊದಲು ಹಲ್ಲು, ಗುಣವಾಗದಿದ್ದರೆ ಟಾನ್ಸಿಲ್, ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳಿಗೇ ಕತ್ತರಿ. ಕರುಳಿನ ಆಪರೇಷನ್ನಿನಲ್ಲಿ ಬಹಳ ಮಂದಿ ಸತ್ತರು. 1920ರ ದಶಕದಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆ ಅಲ್ಲಿನ ದಾಖಲೆಗಳನ್ನು ಪರಿಶೀಲಿಸಿ, ಕಾಟನ್ ಹೇಳಿಕೊಂಡ ಯಶಸ್ಸು ಸುಳ್ಳೆಂದು ತೋರಿಸಿದರು. ಆ ವರದಿಯನ್ನು ಮುಚ್ಚಿಟ್ಟರು. ಬೇಡವೆನ್ನಲೂ ಆಗದ ರೋಗಿಗಳ ಮೇಲೆ ನಡೆದ ಈ ಕ್ರೌರ್ಯವನ್ನು ಪ್ರತಿ ದಂತವೈದ್ಯಕೀಯ ವಿದ್ಯಾರ್ಥಿಯೂ ಓದಬೇಕು.

1938ರಲ್ಲಿ ವೈದ್ಯರಾದ ರಸೆಲ್ ಸೆಸಿಲ್ ಮತ್ತು ಆಂಜಿವೈನ್ 200 ಸಂಧಿವಾತ ರೋಗಿಗಳ ಲೆಕ್ಕ ಮುಂದಿಟ್ಟರು. ಹಲ್ಲು, ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಗುಣ ಕಂಡಿರಲಿಲ್ಲ. ಬಾಯಿಯ ಸೋಂಕೇ ಇತರ ರೋಗಗಳ ಮೂಲವೆಂಬ ಸಿದ್ಧಾಂತ ಮೂಲೆಗೆ ಬಿತ್ತು. ಅದರ ಜೊತೆಗೆ ವಸಡಿನ ಪ್ರಶ್ನೆಯೂ ದಶಕಗಳ ಕಾಲ ಮೂಲೆಗೆ ಬಿತ್ತು.

ಮತ್ತೆ ಅದನ್ನು ಎತ್ತಿದವರು ಫಿನ್ಲೆಂಡಿನವರು. ಹೃದಯಾಘಾತವಾದವರ ಬಾಯಿಯ ಸ್ಥಿತಿ ಉಳಿದವರಿಗಿಂತ ಕೆಟ್ಟಿರುವುದನ್ನು 1989ರಲ್ಲಿ ಮಟ್ಟಿಲಾ ತಂಡ ತೋರಿಸಿತು. ಆದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಂಬುದಕ್ಕೆ ಪುರಾವೆಯಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಸ್ಪಷ್ಟವಾಗಿ ಹೇಳಿತು. ಸಿಗರೇಟು ವಸಡು, ಹೃದಯ ಎರಡನ್ನೂ ಕೆಡಿಸುತ್ತದೆ; ಎರಡೂ ಒಟ್ಟಿಗೆ ಕಾಣಲು ಅದೂ ಒಂದು ಕಾರಣವಿರಬಹುದು.

ಸಕ್ಕರೆ ಕಾಯಿಲೆಯ ನಂಟು ಇದಕ್ಕಿಂತ ಗಟ್ಟಿ. 1993ರಲ್ಲಿ ದಂತವಿಜ್ಞಾನಿ ಹೆರಾಲ್ಡ್ ಲೋ ವಸಡು ರೋಗವನ್ನು ಮಧುಮೇಹದ ಆರನೆಯ ತೊಡಕೆಂದು ಕರೆದರು. ವಸಡಿನ ಆಳಕ್ಕೆ ಇಳಿದು ಕಾರೆ ತೆಗೆದರೆ ಮೂರು ತಿಂಗಳ ಸರಾಸರಿ ಸಕ್ಕರೆ ಸ್ವಲ್ಪ ಇಳಿಯುತ್ತದೆಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ, ವಸಡು ಸಡಿಲವಾದವರು "ಎಲ್ಲಾ ಕಿತ್ಬಿಡಿ ಮೇಡಂ, ಸೆಟ್ ಹಾಕಿಸ್ಕೋತೀನಿ" ಎಂದರೆ, ಮೊದಲು ಶುಗರ್ ಟೆಸ್ಟ್‌ಗೆ ಚೀಟಿ ಬರೆದುಕೊಡುತ್ತೇನೆ.