ಮಂಗಳೂರಿನ ಮೊಮ್ಮಗಳು, ಕೊಯಮತ್ತೂರಿನ ಸಂಸದೆ

ಆರ್.ಎಸ್. ಪುರಂ ಸೇರಿದ ಕೊಯಮತ್ತೂರು ಲೋಕಸಭಾ ಕ್ಷೇತ್ರವನ್ನು 1957, 1974, 1977ರಲ್ಲಿ ಗೆದ್ದ ಕಮ್ಯುನಿಸ್ಟ್ ನಾಯಕಿ ಪಾರ್ವತಿ ಕೃಷ್ಣನ್ ನಮ್ಮ ಕನ್ನಡನಾಡಿನ ನಂಟಿನವರೆಂದು ಎಷ್ಟು ಮಂದಿಗೆ ಗೊತ್ತು? ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಅವರ ಅಜ್ಜ. ತಾಯಿ ರಾಧಾಬಾಯಿ ಸುಬ್ಬರಾಯನ್ 1930ರ ದುಂಡುಮೇಜಿನ ಪರಿಷತ್ತಿಗೆ ಹೋಗಿ, ಶಾಸನಸಭೆಗಳಲ್ಲಿ ಹೆಂಗಸರಿಗೆ ಮೀಸಲು ಸ್ಥಾನ ಕೇಳಿದವರು. ಆಕ್ಸ್‌ಫರ್ಡ್‌ನಲ್ಲಿ ಓದಿದ ಮಗಳು ಆರಿಸಿಕೊಂಡದ್ದು ಕಾರ್ಮಿಕ ಸಂಘ.

ಹಾಗಾದರೆ ಮಗಳು ಸ್ತ್ರೀವಾದವನ್ನು ಬಿಟ್ಟು ವರ್ಗಹೋರಾಟ ಹಿಡಿದರೇ? ನಮಗೆ ಹಾಗೆನಿಸದು. ತಾಯಿ ಬಯಸಿದ ಸದನದಲ್ಲೇ, ಮೀಸಲಾತಿಯಿಲ್ಲದೆ ಗೆದ್ದ ಮಗಳು ಕೂತರು. ಓಟಿದ್ದರೂ ನ್ಯಾಯವಾದ ಕೂಲಿಯಿಲ್ಲದ ಹೆಣ್ಣಿಗೆ ಬಿಡುಗಡೆ ಅರ್ಧವೇ. ಕೂಲಿಯಿದ್ದರೂ ದನಿಯಿಲ್ಲದವಳಿಗೂ ಅಷ್ಟೆ. ಪಾರ್ವತಿಯವರು 2014ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳಿಗೆ ತಾಯಿ, ಮಗಳು ಇಬ್ಬರ ಕಥೆಯನ್ನೂ ಒಟ್ಟಿಗೇ ಹೇಳೋಣ.